ಏಳುಮಲೆಯ ಹೆಸರುಗಳಲ್ಲಿ ಅಡಗಿರುವ ಇತಿಹಾಸ

ಇತಿಹಾಸವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಶಿಲಾಶಾಸನ, ತಾಮ್ರಪಟ, ಕೋಟೆಕೊತ್ತಲಗಳು. ಆದರೆ ವಾಚಕರೇ, ಜನರ ನಾಲಗೆಯ ಮೇಲೆ ಉಳಿದು ಬಂದ ಮಾತೂ ಒಂದು ಶಾಸನವೇ. ಇದಕ್ಕೆ ನಿದರ್ಶನ ಬೇಕಾದವರು ಮಲೆ ಮಹದೇಶ್ವರ ಬೆಟ್ಟದತ್ತ ನೋಡಬೇಕು.

ಕೊಳ್ಳೇಗಾಲದಿಂದ ಹನೂರಿನ ಮಾರ್ಗವಾಗಿ ಹೊರಟು, ತಾಳುಬೆಟ್ಟವನ್ನು ದಾಟಿ ಮೇಲೇರಿದರೆ ದೊರೆಯುವ ಈ ಕ್ಷೇತ್ರದ ಹೆಸರೇ ಸ್ವಾರಸ್ಯವಾದುದು. ‘ಮಲೆ’ ಎಂದರೆ ಕಾಡು ಕವಿದ ಬೆಟ್ಟ. ಮಲೆನಾಡಿನಲ್ಲಿರುವುದೂ ತಮಿಳಿನ ‘ಮಲೈ’ಯೂ ಇದೇ ಶಬ್ದ. ಅದು ದೈವದ ಹೆಸರಿನೊಡನೆ ಒಂದಾಗಿ ಬೆರೆತ ಮೇಲೆ, ಕೊನೆಯಲ್ಲಿ ಮತ್ತೊಮ್ಮೆ ‘ಬೆಟ್ಟ’ ಸೇರಿಕೊಂಡಿದೆ. ಇನ್ನು ‘ಮಹಾದೇವ’ನು ಜನರ ಬಾಯಲ್ಲಿ ‘ಮಾದೇವ’ನಾಗಿ, ಅಕ್ಕರೆಯ ‘ಮಾದಪ್ಪ’ನಾಗಿದ್ದಾನೆ.

ಮಾದಪ್ಪನನ್ನು ‘ಏಳುಮಲೆಯ ಒಡೆಯ’ನೆಂದೂ, ಎಪ್ಪತ್ತೇಳು ಮಲೆಗಳ ನಡುವೆ ನೆಲಸಿದವನೆಂದೂ ಹಾಡುತ್ತಾರೆ. ಆ ಮಲೆಗಳ ಪಟ್ಟಿ ಗಾಯಕನಿಂದ ಗಾಯಕನಿಗೆ ಬೇರೆಯಾದರೂ ಜೇನುಮಲೆ, ಪಚ್ಚೆಮಲೆ, ಪವಳಮಲೆ, ಪೊನ್ನಾಚಿಮಲೆ, ಕೊಂಗುಮಲೆ ಎಂಬ ಹೆಸರುಗಳು ಮೇಲಿಂದ ಮೇಲೆ ಕೇಳಿಬರುತ್ತವೆ. ಪವಳವೆಂದರೆ ಹವಳ. ಹಳಗನ್ನಡದ ಪಕಾರವು ನಡುಗನ್ನಡದ ಕಾಲಕ್ಕೆ ಹಕಾರವಾಯಿತು: ಪುಲಿ ಹುಲಿಯಾಯಿತು, ಪಾಲು ಹಾಲಾಯಿತು. ತಮಿಳಿನಲ್ಲಿ ಪಕಾರವೇ ಉಳಿಯಿತು. ಆದುದರಿಂದ ‘ಪವಳ’ವು ಹಳಗನ್ನಡದ ಉಳಿಕೆಯೂ ಆಗಿರಬಹುದು, ನೆರೆಯ ತಮಿಳಿನ ಒಡನಾಟದ ಫಲವೂ ಆಗಿರಬಹುದು. ‘ಕೊಂಗು’ ಎಂಬುದಂತೂ ಕೊಯಮತ್ತೂರು, ಈರೋಡು, ಸೇಲಂಗಳ ಸೀಮೆಗೆ ಸಲ್ಲುವ ಪ್ರಾಚೀನ ನಾಮ. ಹನ್ನೆರಡನೆಯ ಶತಮಾನದ ಹೊಯ್ಸಳ ವಿಷ್ಣುವರ್ಧನನ ಬಿರುದುಗಳಲ್ಲಿಯೂ ಅದು ಕಾಣಿಸುತ್ತದೆ.

ಈ ಒಡನಾಟವು ಕೇವಲ ಊಹೆಯಲ್ಲ. 1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ಮೇಲೆ ಕೊಳ್ಳೇಗಾಲ ಸೀಮೆಯು ಆಂಗ್ಲರ ಕೈಸೇರಿ, ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಒಳಪಟ್ಟಿತು. ಅದು ಮೈಸೂರು ರಾಜ್ಯವನ್ನು ಸೇರಿದ್ದು 1956ರ ನವೆಂಬರ್ 1ರಂದು. ಒಂದೂವರೆ ಶತಮಾನ ಕಚೇರಿಯ ಭಾಷೆ ಬೇರೆಯಾಗಿದ್ದರೂ ಮಾದಪ್ಪನ ಹಾಡು ಕನ್ನಡವಾಗಿಯೇ ಉಳಿಯಿತು. ಗಡಿಯನ್ನು ಅಧಿಕಾರಿಗಳು ಗುರುತಿಸಿದರು; ನುಡಿಯನ್ನು ಕಾದವರು ಗಾಯಕರು.

ಆ ಗಾಯಕರೇ ‘ದೇವರಗುಡ್ಡ’ರು ಮತ್ತು ಕಂಸಾಳೆಯವರು. ಗುಡ್ಡವೆಂದರೆ ಇಂದು ನಮಗೆ ತೋರುವುದು ಸಣ್ಣ ಬೆಟ್ಟ. ಆದರೆ ಶ್ರವಣಬೆಳಗೊಳದ ಜೈನ ಶಾಸನಗಳಲ್ಲಿ ‘ಗುಡ್ಡ’ನೆಂದರೆ ಶಿಷ್ಯ, ‘ಗುಡ್ಡಿ’ಯೆಂದರೆ ಶಿಷ್ಯೆ. ಪಂಡಿತರ ಬರೆಹದಿಂದ ಮರೆಯಾದ ಆ ಅರ್ಥವು ಜೋಳಿಗೆ ಹೊತ್ತ ಹಾಡುಗಾರನ ಹೆಸರಿನಲ್ಲಿ ಜೀವಂತವಾಗಿದೆ. ಹಾಗೆಯೇ ಕಾಂಸ್ಯತಾಳವೇ ಕಂಸಾಳೆ. ಒಂದು ಕೈಯಲ್ಲಿ ಬಟ್ಟಲಿನಂತಹ ತಾಳ, ಇನ್ನೊಂದರಲ್ಲಿ ದಾರ ಕಟ್ಟಿದ ಚಪ್ಪಟೆ ತಾಳ; ಅದನ್ನು ಬೀಸಿ ಬೀಸಿ ಬಡಿಯುತ್ತ ಕುಣಿಯುವುದೇ ಬೀಸು ಕಂಸಾಳೆ. ಇವರು ಹಾಡುವ ಮಹಾಕಾವ್ಯದ ಒಂದೊಂದು ಭಾಗಕ್ಕೆ ‘ಸಾಲು’ ಎಂದು ಹೆಸರು. ಸಂಕಮ್ಮನ ಸಾಲು, ಆಲಂಬಾಡಿಯ ಜುಂಜೇಗೌಡನ ಸಾಲು ಮೊದಲಾದುವು ಪ್ರಸಿದ್ಧವಾಗಿವೆ. ಡಾ. ಪಿ.ಕೆ. ರಾಜಶೇಖರ ಅವರು 1973ರಲ್ಲಿ ಈ ಕಾವ್ಯವನ್ನು ಗ್ರಂಥರೂಪಕ್ಕೆ ತಂದರು. 1997ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಮತ್ತೊಂದು ಪಾಠವನ್ನು ಪ್ರಕಟಿಸಿತು.

ಇಷ್ಟಾದರೂ ಒಂದು ಭಯವಿದೆ. ಓದಿದವರಾದ ನಮಗೆ ಹಳ್ಳಿಯ ಮಾತನ್ನು ತಿದ್ದುವ ಚಪಲ ಹೆಚ್ಚು. ನಾಳೆ ಯಾರಾದರೂ ಪವಳಮಲೆಯನ್ನು ‘ಪ್ರವಾಳಗಿರಿ’ಯೆಂದು ಬರೆದರೆ ಅರ್ಥವೇನೋ ಉಳಿದೀತು, ಅದರೊಳಗಿನ ಶತಮಾನಗಳ ನೆನಪು ಅಳಿದುಹೋಗುತ್ತದೆ. ಶಾಸನದ ಅಕ್ಷರವನ್ನು ಉಳಿಯಿಂದ ತಿದ್ದುವವರನ್ನು ನಾವು ಸುಮ್ಮನೆ ಬಿಡುವುದಿಲ್ಲ. ನಾಲಗೆಯ ಶಾಸನಕ್ಕೂ ಅಷ್ಟೇ ಮರ್ಯಾದೆ ಸಲ್ಲಬೇಕು. ಮುಂದಿನ ಬಾರಿ ಬೆಟ್ಟಕ್ಕೆ ಹೋದಾಗ, ದರ್ಶನ ಮುಗಿಸಿ ಒಂದು ಗಳಿಗೆ ಹಾಡುಗಾರನ ಬಳಿ ಕುಳಿತು, ಮಲೆಗಳ ಹೆಸರುಗಳನ್ನು ಅವನು ಹೇಳಿದಂತೆಯೇ ಬರೆದುಕೊಳ್ಳಿ.