ಎದುರಾಳಿಯ ಒಲವು ಮತ್ತು ದುಡಿಯುವ ತಾಯಿ: ‘ವೈಲ್ಡ್‌ಫೆಲ್ ಹಾಲ್’ನ ಒಂದು ಓದು

ಕಚೇರಿಯಲ್ಲಿ ಪೈಪೋಟಿಗಿಳಿದ ಇಬ್ಬರು ಕಚ್ಚಾಡುತ್ತಲೇ ಒಲಿಯುವುದು ಇಂಗ್ಲಿಷಿನ ಜನಪ್ರಿಯ ಕಾದಂಬರಿಯ ಪಳಗಿದ ಹಾದಿ. ಸ್ಯಾಲಿ ಥಾರ್ನ್ ಅವರ ‘ದಿ ಹೇಟಿಂಗ್ ಗೇಮ್’ (2016) ಕೃತಿಯಲ್ಲಿ ಎರಡು ಪ್ರಕಾಶನ ಸಂಸ್ಥೆಗಳು ಒಂದಾಗಿ, ಎದುರುಬದುರು ಮೇಜಿಗೆ ಬಂದ ಲೂಸಿ ಮತ್ತು ಜೋಶುವಾ ಒಂದೇ ಬಡ್ತಿಗಾಗಿ ಹಣಾಹಣಿ ನಡೆಸುತ್ತಾರೆ. ಇಬ್ಬರಿಗೂ ಮಕ್ಕಳಿಲ್ಲ, ಸಂಜೆಗಳು ಅವರವೇ. ನಾಯಕಿ ಒಂಟಿ ತಾಯಿಯಾದರೆ ಈ ಸಮಬಲದ ಆಟ ಏನಾಗುತ್ತದೆ? ಈ ಬಗೆಯ ಕತೆಗಳ ಮೂಲವನ್ನು ಜೇನ್ ಆಸ್ಟಿನ್‌ಳಲ್ಲಿ ಹುಡುಕುವುದು ರೂಢಿ. ತಾಯಿ-ನಾಯಕಿಯ ಮಟ್ಟಿಗೆ, ಆನ್ ಬ್ರಾಂಟಿ ಆಕ್ಟನ್ ಬೆಲ್ ಎಂಬ ಹುಸಿ ಹೆಸರಿನಲ್ಲಿ ಪ್ರಕಟಿಸಿದ ‘ದಿ ಟೆನೆಂಟ್ ಆಫ್ ವೈಲ್ಡ್‌ಫೆಲ್ ಹಾಲ್’ (1848) ಹೆಚ್ಚು ಹತ್ತಿರದ ಪೂರ್ವಜ ಎಂಬುದು ನನ್ನ ವಾದ.

ಈ ಕಾದಂಬರಿಯ ಹೆಲೆನ್ ಮತ್ತು ಗಿಲ್ಬರ್ಟ್ ಒಂದೇ ಹುದ್ದೆಗೆ ಸ್ಪರ್ಧಿಗಳಲ್ಲ, ನಿಜ. ಆದರೆ ಅವರ ಮೊದಲ ಮುಖಾಮುಖಿಯೇ ಜಟಾಪಟಿ. ತೋಟದ ಗೋಡೆ ಹತ್ತಿ ಜಾರಿದ ಹೆಲೆನ್‌ಳ ಪುಟ್ಟ ಮಗ ಆರ್ಥರ್‌ನನ್ನು ಗಿಲ್ಬರ್ಟ್ ಹಿಡಿದುಕೊಂಡರೆ, ಓಡಿಬಂದ ತಾಯಿ ಮಗುವನ್ನು ಅವನ ಕೈಯಿಂದ ಕಸಿದುಕೊಳ್ಳುತ್ತಾಳೆ. ಮುಂದಿನ ವಾಗ್ವಾದವೂ ಗಂಡುಮಗುವನ್ನು ಹೇಗೆ ಬೆಳೆಸಬೇಕು ಎಂಬುದರ ಮೇಲೆಯೇ. ಆಸ್ಟಿನ್‌ಳ ನಾಯಕಿ ಎಲಿಜಬೆತ್‌ಗೆ ಘಾಸಿಯಾದದ್ದು ಸ್ವಾಭಿಮಾನಕ್ಕೆ. ಹೆಲೆನ್‌ಳ ಸಿಡುಕಿನ ಹಿಂದೆ ಇರುವುದು ಭಯ. ಕುಡುಕ ಗಂಡನಿಂದ ತಪ್ಪಿಸಿಕೊಂಡು ಬಂದು, ವಿಧವೆಯೆಂದು ಹೇಳಿಕೊಂಡು ಬದುಕುತ್ತಿರುವವಳು ಆಕೆ. ಕತೆ ನಡೆಯುವ 1827ರಲ್ಲಿ ಇಂಗ್ಲೆಂಡಿನ ಕಾನೂನು ಮಗುವನ್ನು ತಂದೆಯ ವಶಕ್ಕೇ ಒಪ್ಪಿಸುತ್ತಿತ್ತು. ಏಳು ವರ್ಷದೊಳಗಿನ ಮಕ್ಕಳಿಗಾಗಿ ತಾಯಿ ನ್ಯಾಯಾಲಯಕ್ಕೆ ಹೋಗಬಹುದೆಂದಾದದ್ದು 1839ರಲ್ಲಿ. ಹೆಂಡತಿಯ ಗಳಿಕೆ ಹೆಂಡತಿಯದೇ ಎಂದು ಕಾಯಿದೆ ಒಪ್ಪಲು 1870 ಬರಬೇಕಾಯಿತು.

ಹೀಗಾಗಿ, ಚಿತ್ರ ಬರೆದು ಮಾರಿ ಬದುಕುವ ಹೆಲೆನ್‌ಳ ಕೆಲಸದ ಕೋಣೆ ಕಾದಂಬರಿಯ ಅತಿ ಅಪಾಯದ ಜಾಗ. ಬೇರೆ ಕೋಣೆಯಲ್ಲಿ ಬೆಂಕಿಯಿಲ್ಲದ ದಿನ ಗಿಲ್ಬರ್ಟ್ ಮತ್ತು ಅವನ ತಂಗಿಯನ್ನು ಅಲ್ಲೇ ಕೂರಿಸುತ್ತಾಳೆ. ತಾನು ವಾಸವಿರುವ ವೈಲ್ಡ್‌ಫೆಲ್ ಹಾಲ್‌ನ ಚಿತ್ರಕ್ಕೆ ಅವಳು ‘ಫರ್ನ್‌ಲಿ ಮ್ಯಾನರ್, ಕಂಬರ್ಲೆಂಡ್’ ಎಂಬ ಸುಳ್ಳು ಹೆಸರು ಕೊಟ್ಟಿರುವುದು ಗಿಲ್ಬರ್ಟನ ಕಣ್ಣಿಗೆ ಬೀಳುತ್ತದೆ. ಚಿತ್ರಗಳು ಲಂಡನ್ನಿಗೆ ಹೋಗುತ್ತವೆ, ಅಲ್ಲಿಂದ ದುಡ್ಡು ಬರುತ್ತದೆ ಎಂದು ಬಾಯಿಬಿಡುವವನು ಮಗನೇ! ಇಂಥವೇ ಕುಂಚ, ಬಣ್ಣಗಳನ್ನು ಹಿಂದೊಮ್ಮೆ ಗಂಡ ಬೆಂಕಿಗೆ ಹಾಕಿದ್ದ.

ಭೈರಪ್ಪನವರ ‘ವಂಶವೃಕ್ಷ’ (1965) ತಾಯ್ತನ, ದುಡಿಮೆಗಳ ಇದೇ ಗಂಟನ್ನು ಇನ್ನೊಂದು ತುದಿಯಿಂದ ಹಿಡಿಯುತ್ತದೆ. ವಿಧವೆ ಕಾತ್ಯಾಯನಿ ರಾಜನನ್ನು ಮದುವೆಯಾದಾಗ ಮಗ ಚೀನಿ ನಂಜನಗೂಡಿನಲ್ಲಿ ಅವಳ ಮಾವ ಶ್ರೋತ್ರಿಯರ ಮನೆಯಲ್ಲೇ ಉಳಿಯುತ್ತಾನೆ. ಮುಂದೆ ಅವಳು ಪಾಠ ಹೇಳುವ ತರಗತಿಗೆ ವಿದ್ಯಾರ್ಥಿಯಾಗಿ ಬರುತ್ತಾನೆ. ಹೆಲೆನ್‌ಗೆ ಮಗನನ್ನು ಉಳಿಸಿಕೊಟ್ಟ ದುಡಿಮೆ, ಕಾತ್ಯಾಯನಿಗೆ ಮಗನನ್ನು ಪರಕೀಯನಾಗಿ ತಂದು ನಿಲ್ಲಿಸುತ್ತದೆ.

ಆನ್ ಸೋಲುವುದು ಕೊನೆಯಲ್ಲಿ. ಗಂಡ ಸಾಯುತ್ತಾನೆ, ಬಂಧುವೊಬ್ಬರ ಆಸ್ತಿ ಹೆಲೆನ್‌ಗೆ ಬರುತ್ತದೆ, ಹೊಟ್ಟೆಪಾಡಿಗೆ ಚಿತ್ರ ಬರೆಯುವ ಅಗತ್ಯವೇ ಉಳಿಯುವುದಿಲ್ಲ. ಥಾರ್ನ್ ಕೂಡ ಜೋಶುವಾನನ್ನು ಬೇರೆ ಸಂಸ್ಥೆಗೆ ಸಾಗಹಾಕಿ ಪೈಪೋಟಿಯನ್ನು ಬಗೆಹರಿಸುತ್ತಾರೆ. ದುಡಿಯುತ್ತಿರುವಾಗಲೇ, ಮಗುವನ್ನು ಪಕ್ಕದಲ್ಲಿಟ್ಟುಕೊಂಡೇ ಎದುರಾಳಿಯ ಕೈಹಿಡಿಯುವ ನಾಯಕಿ ಈ ಇಬ್ಬರಲ್ಲಿಯೂ ಸಿಗುವುದಿಲ್ಲ.