ಸಿದ್ಧಾಂತದ ಅವಳಿ ರಾದ್ಧಾಂತ

ಜಗಳೂರಿಗೆ ಹೊರಟಿದ್ದ ಖಾಸಗಿ ಬಸ್ಸು. ಕಂಡಕ್ಟರ್ ಟಿಕೆಟಿನ ಹಿಂದೆ ಬರೆದುಕೊಟ್ಟಿದ್ದ ಬಾಕಿ ಚಿಲ್ಲರೆ, ಇಳಿಯುವ ಊರು ಬಂದರೂ ಕೈಗೆ ಬರಲಿಲ್ಲ. ಆ ಹೆಂಗಸು ದನಿ ಏರಿಸಿದರು, ಕಣ್ಣಲ್ಲಿ ನೀರೂ ಬಂತು. "ಇಪ್ಪತ್ತು ರೂಪಾಯಿಗೆ ಎಷ್ಟು ರಾದ್ಧಾಂತ ಮಾಡ್ತೀಯವ್ವ" ಎಂದ ಆತ. ಸುತ್ತ ಕೂತವರು ನಕ್ಕರು. ನಾನೂ ನಕ್ಕೆ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳು 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು. ಈಗ ಎಲ್ಲವೂ ದಾವಣಗೆರೆಗೆ ಸೇರಿವೆ. ಜಿಲ್ಲೆ ಯಾವುದಾದರೇನು, ಯಾರಾದರೂ ಅತ್ತು ಕೂಗಾಡಿದರೆ ಅದಕ್ಕೆ ರಂಪ, ರಾದ್ಧಾಂತ ಎಂಬ ಹೆಸರು ಕಾದೇ ಇರುತ್ತದೆ.

ಈ ರಾದ್ಧಾಂತ ಹುಟ್ಟಿದ್ದು ಬೀದಿಯಲ್ಲಲ್ಲ. ಸಂಸ್ಕೃತದಲ್ಲಿ 'ರಾಧ್' ಎಂದರೆ ಈಡೇರು, ಸಾಧಿಸು. 'ರಾದ್ಧ' ಎಂದರೆ ಸಾಧಿತವಾದದ್ದು. ವಾದದ ಕೊನೆಯಲ್ಲಿ ಸಾಧಿತವಾಗಿ ನಿಲ್ಲುವ ತೀರ್ಮಾನವೇ ರಾದ್ಧಾಂತ. ಅಮರಕೋಶ ಸಿದ್ಧಾಂತ, ರಾದ್ಧಾಂತಗಳೆರಡನ್ನೂ ಸಮಾನಾರ್ಥಕಗಳೆಂದೇ ಹೇಳುತ್ತದೆ. ಕನ್ನಡದಲ್ಲಿ ಮಾತ್ರ ಅವಳಿಗಳ ಹಣೆಬರಹ ಬೇರೆಯಾಯಿತು. ಸಿದ್ಧಾಂತ ವಿಶ್ವವಿದ್ಯಾಲಯದಲ್ಲಿ ಉಳಿಯಿತು, ರಾದ್ಧಾಂತ ಬಸ್ಸು ಹತ್ತಿತು.

ಹೀಗೆ ಜಾರಿದ ಶಾಸ್ತ್ರಪದ ಇದೊಂದೇ ಅಲ್ಲ. ನ್ಯಾಯಶಾಸ್ತ್ರದಲ್ಲಿ ತನ್ನ ಪಕ್ಷ ಸ್ಥಾಪಿಸದೆ ಎದುರಾಳಿಯದನ್ನು ಖಂಡಿಸುವ ಕ್ರಮ ವಿತಂಡ, ನಮಗದು ಮೊಂಡುವಾದ. ನಡುವಿನದು, ಒಳಗಿನದು ಎಂಬರ್ಥದ 'ಅವಾಂತರ' ನಮ್ಮಲ್ಲಿ ಎಡವಟ್ಟಾಯಿತು. ಗೋತ್ರದ ಋಷಿಗಳ ಹೆಸರು ಹೇಳುವ 'ಪ್ರವರ' ಮುಗಿಯದ ಕೊರೆತವಾಯಿತು. ಹಳಗನ್ನಡದ ಛಂದೋರೂಪ, ಹರಿಹರ ಬೆಳಗಿಸಿದ 'ರಗಳೆ', ಇಂದು ತಲೆನೋವಿನ ಹೆಸರು. ಪಂಡಿತರ ವಾದವನ್ನು ಅಂಗಳದಲ್ಲಿ ನಿಂತು ಕೇಳಿದವರಿಗೆ ತೀರ್ಮಾನ ಮುಟ್ಟಲಿಲ್ಲ, ಗದ್ದಲ ಮಾತ್ರ ಮುಟ್ಟಿತು. ರಾದ್ಧಾಂತದ ಅರ್ಥ ಪಲ್ಲಟವಾದದ್ದು ಹೀಗೆ ಎಂದು ನನ್ನ ಊಹೆ. ಒಳಗೆ ಬಿಟ್ಟುಕೊಳ್ಳದ ವಿದ್ಯೆಯನ್ನು ಜನ ಹಾಸ್ಯ ಮಾಡಿ ಸೇಡು ತೀರಿಸಿಕೊಂಡರು.

ಆದರೆ ಆ ಸೇಡು ಈಗ ತಿರುಗಿದ್ದು ಯಾರ ಮೇಲೆ? ಮನೆಯಲ್ಲಿ ಅಪ್ಪ ಕೂಗಿದರೆ ಅದು ಸಿಟ್ಟು. ಅವ್ವ ಕೂಗಿದರೆ, ಮಗು ಕೂಗಿದರೆ ರಾದ್ಧಾಂತ. ಸಿಟ್ಟಿಗೆ ಕಾರಣ ಕೇಳುತ್ತೇವೆ. ರಾದ್ಧಾಂತ ಎಂದು ಕರೆದ ಮೇಲೆ ಕಾರಣ ಕೇಳುವ ಗೋಜೇ ಇಲ್ಲ.

ಆ ದಿನದ ಜಗಳವನ್ನು ಶಾಸ್ತ್ರದ ಕಣ್ಣಲ್ಲೇ ನೋಡೋಣ. ನನ್ನ ಬಾಕಿ ಕೊಡಬೇಕು ಎಂಬುದು ಪ್ರತಿಜ್ಞೆ. ಟಿಕೆಟಿನ ಹಿಂದೆ ನೀನೇ ಬರೆದಿದ್ದೀಯಲ್ಲ ಎಂಬುದು ಹೇತು. ಆಕೆ ಹೇಳಿದ್ದು ಹಳೆಯ ಅರ್ಥದಲ್ಲಿಯೇ ರಾದ್ಧಾಂತವಾಗಿತ್ತು. ನಕ್ಕ ನಮಗೆ ಆ ಅರ್ಥ ಗೊತ್ತಿರಲಿಲ್ಲ.