ಉರಿಮೂತ್ರ: ಪತ್ತೆ ಮತ್ತು ಚಿಕಿತ್ಸೆಯ ಇತಿಹಾಸ

ಉರಿಮೂತ್ರವನ್ನು ಆಯುರ್ವೇದ ಮೂತ್ರಕೃಚ್ಛ್ರವೆಂದು ಕರೆದು ಚಿಕಿತ್ಸೆ ಹೇಳಿತ್ತು. ಮಧ್ಯಯುಗದ ಯುರೋಪಿನ ವೈದ್ಯರು ಮೂತ್ರವನ್ನು ಗಾಜಿನ ಬುರುಡೆಯಲ್ಲಿ ತುಂಬಿ, ಬೆಳಕಿಗೆ ಹಿಡಿದು, ಬಣ್ಣ ಮತ್ತು ಗಸಿ ನೋಡಿ ರೋಗ ನಿರ್ಧರಿಸುತ್ತಿದ್ದರು. 1885ರಲ್ಲಿ ಥಿಯೋಡರ್ ಎಶೆರಿಚ್ ಶಿಶುಗಳ ಮಲದಲ್ಲಿ ಕಂಡ ಬ್ಯಾಕ್ಟೀರಿಯಾ, ಇಂದಿನ ಇ. ಕೊಲೈ, ಉರಿಮೂತ್ರ ತರುವ ಮೂತ್ರದ ಸೋಂಕಿನ ಮುಖ್ಯ ಕಾರಣವೆಂದು ಮುಂದೆ ತಿಳಿಯಿತು. ಹೆಂಗಸರ ಮೂತ್ರನಾಳ ಸುಮಾರು 4 ಸೆಂ.ಮೀ. ಮಾತ್ರ ಇರುವುದರಿಂದ ಈ ಬ್ಯಾಕ್ಟೀರಿಯಾ ಮೂತ್ರಕೋಶಕ್ಕೆ ಸುಲಭವಾಗಿ ಏರುತ್ತದೆ.

1956ರಲ್ಲಿ ಅಮೆರಿಕದ ಎಡ್ವರ್ಡ್ ಕಾಸ್, ಒಂದು ಮಿಲಿಲೀಟರ್ ಮೂತ್ರದಲ್ಲಿ 1 ಲಕ್ಷ ಬ್ಯಾಕ್ಟೀರಿಯಾ ಇದ್ದರೆ ಸೋಂಕು ಎಂಬ ಅಳತೆ ಕೊಟ್ಟರು. ಅದನ್ನೇ ಕಟ್ಟುನಿಟ್ಟಾಗಿ ಹಿಡಿದಾಗ, ಉರಿಯಿಂದ ನರಳುವ ಎಷ್ಟೋ ಹೆಂಗಸರ ಸೋಂಕು ಲೆಕ್ಕಕ್ಕೆ ಬರಲಿಲ್ಲ. ಲಕ್ಷಣಗಳಿರುವವರಲ್ಲಿ 100 ಇದ್ದರೂ ಸೋಂಕಿರಬಹುದೆಂದು 1982ರಲ್ಲಿ ವಾಲ್ಟರ್ ಸ್ಟ್ಯಾಮ್ ತಂಡ ತೋರಿಸಿತು. ರೋಗಿಯ ಮಾತಿಗೆ ಸಿಕ್ಕ ನ್ಯಾಯವಿದು.

ಚಿಕಿತ್ಸೆಯಲ್ಲಿ 1930ರ ದಶಕದ ಸಲ್ಫಾ ಔಷಧಗಳು ದೊಡ್ಡ ತಿರುವು. 1953ರಲ್ಲಿ ಬಂದ ನೈಟ್ರೋಫ್ಯುರಾಂಟಾಯಿನ್ ಇಂದಿಗೂ ಬಳಕೆಯಲ್ಲಿದೆ. ಆದರೆ ಹಲವು ಔಷಧಗಳಿಗೆ ಇ. ಕೊಲೈ ಈಗ ಬಗ್ಗುತ್ತಿಲ್ಲ. ಆದ್ದರಿಂದ ಅಂಗಡಿಯಿಂದ ತಾವಾಗಿಯೇ ಮಾತ್ರೆ ತಂದು ನುಂಗಬಾರದು. ಜ್ವರ ಅಥವಾ ಪಕ್ಕೆನೋವು ಇದ್ದರೆ, ಇಲ್ಲವೇ ಗರ್ಭಿಣಿಯಾಗಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು.